ಮಕ್ಕಳನ್ನು ನಿಲ್ಲಿಸಿ ಪದ್ಯ ಕಟ್ಟುತ್ತಿದ್ದವರು

ಅವರ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರ ಮನೆಯವರೇ ಹೇಳಿದ್ದಾರೆ. ಹೆಸರು ಬಂದರೆ ಅದರ ಬೆನ್ನಿಗೆ ಹಳೆಯ ಒಂದು ಮಾತೂ ಬರುತ್ತದೆ ಎಂಬ ಅಂಜಿಕೆ ಅವರಿಗೆ. ಆ ಮಾತು ಹುಟ್ಟಿದ ದಿನ, ಅದು ಸುಳ್ಳು ಎಂದು ಹೇಳಬಹುದಾಗಿದ್ದವನು ನಾನು. ಹೇಳಲಿಲ್ಲ. ಈಚೆಗೆ ಅವರು ತೀರಿಕೊಂಡರು. ಹೇಳದೆ ಉಳಿದದ್ದು ನನ್ನ ಹತ್ತಿರವೇ ಉಳಿಯಿತು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮುಗದ ಹಳ್ಳಿಯಿಂದ ಬಂದು, ಹುಬ್ಬಳ್ಳಿ–ಧಾರವಾಡದ ನಡುವಿನ ಒಂದು ಹೈಸ್ಕೂಲಿನಲ್ಲಿ ಜವಾನನಾಗಿ ಸೇರಿ, ಅಲ್ಲಿಂದಲೇ ನಿವೃತ್ತನಾದೆ. ಅವರು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಅವರಿಗೆ ಸರ್ ಎನ್ನುತ್ತಿದ್ದೆ, ಅವರು ನನಗೆ ಕಾಕಾ ಎನ್ನುತ್ತಿದ್ದರು.

ಎತ್ತರದ ಆಳಲ್ಲ. ಚೀಲ ಹೊತ್ತು ಹೊತ್ತು ಎಡ ಹೆಗಲು ಕೊಂಚ ಇಳಿದಿತ್ತು. ನಕ್ಕರೆ ಸದ್ದಾಗುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿದ್ದವು. ಹಾಡಲು ಬರುತ್ತಿರಲಿಲ್ಲ. ಪದ್ಯದ ನಡಿಗೆ ತೋರಿಸಬೇಕಾದರೆ ಬೆರಳಿನ ಉಂಗುರದಿಂದ ಕಿಟಕಿಯ ಸರಳಿಗೆ ಬಡಿಯುತ್ತಿದ್ದರು. ಒಂದು ಮೆಲ್ಲಗೆ, ಒಂದು ಜೋರು, ಒಂದು ಮೆಲ್ಲಗೆ, ಒಂದು ಜೋರು. ಶಾಲೆಯ ಯಾವ ಮೂಲೆಯಲ್ಲಿದ್ದರೂ ಅದು ಕೇಳುತ್ತಿತ್ತು. ಈಗ ಬಸ್ಸಿನಲ್ಲಿ ಹೋಗುವಾಗ ಯಾರಾದರೂ ಕಂಬಿ ಹಿಡಿದರೆ, ಅವರ ಬೆರಳಲ್ಲಿ ಉಂಗುರವಿದ್ದರೆ, ಬಸ್ಸು ಕುಲುಕಿದಾಗ ಒಮ್ಮೊಮ್ಮೆ ಅದೇ ಸದ್ದು ಬರುತ್ತದೆ. ತಿರುಗಿ ನೋಡುತ್ತೇನೆ. ಯಾರೋ ಆಗಿರುತ್ತಾರೆ. ಆದರೂ ಪ್ರತಿ ಸಲ ತಿರುಗಿ ನೋಡುತ್ತೇನೆ.

ಅವರು ನನ್ನ ಜೊತೆ ಮೊದಲು ಆಡಿದ ಉದ್ದನೆಯ ಮಾತು ಕಸಬರಿಗೆಯದು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದರು. ಒಂದು ದಿನ ನಾನು ಕೋಣೆಯ ಕಸ ಗುಡಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದರು.

"ಏನ ನಡಸೀರಿ ಕಾಕಾ?"

"ಖೋಲಿ ಝಾಡಿಸಾಕತ್ತೇನ್ರಿ ಸರ್."

"ಇಂಗ್ಲಿಷ್ ಪದ್ಯದಾಗೂ ಖೋಲಿ ಇರ್ತಾವ, ಗೊತ್ತೇನ್ರಿ? ಸ್ಟಾಂಜಾ ಅಂತಾರ. ಆ ಮಾತಿನ ಮೂಲ ಅರ್ಥನ ಖೋಲಿ. ನಾಕ್ ಸಾಲು ಒಂದ್ ಖೋಲಿ, ಮತ್ತ ನಾಕ್ ಸಾಲು ಇನ್ನೊಂದ್ ಖೋಲಿ. ನಡುವ ಖಾಲಿ ಜಾಗಾ ಬಿಟ್ಟಿರ್ತಾರಲ್ಲ, ಅದು ಪಡಸಾಲಿ."

"ಹಂಗಾರ ಅಲ್ಲಿ ಝಾಡಿಸಾವ್ರು ಯಾರ್ರಿ?"

"ಅಲ್ಲಿ ಕಸಾ ಹಾಕಾವ್ರೂ ಮಾಸ್ತರನ, ಝಾಡಿಸಾವ್ರೂ ಮಾಸ್ತರನ. ಅರ್ಥಾ ಹೇಳಿ ಹೇಳಿ ತುಂಬಸಿಬಿಡ್ತೇವಿ. ಹುಡುಗ್ರಿಗೆ ಖೋಲಿನ ಕಾಣೂದಿಲ್ಲ." ಹೆಗಲು ಕುಣಿದವು.

ಅಂದಿನಿಂದ ನಾನು ಅವರ ತರಗತಿಯ ಹತ್ತಿರ ಸುಳಿದಾಗಲೆಲ್ಲ ಒಳಗೊಮ್ಮೆ ನೋಡುತ್ತಿದ್ದೆ. ನೋಡಲು ಅಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು. ಬೇರೆ ಮಾಸ್ತರರ ತರಗತಿಯಲ್ಲಿ ಮಕ್ಕಳು ಕುಳಿತಿರುತ್ತಿದ್ದರು, ಇವರ ತರಗತಿಯಲ್ಲಿ ನಿಂತಿರುತ್ತಿದ್ದರು. ಪಾಠದಲ್ಲಿ ನದಿಯ ಮೇಲೊಂದು ಪದ್ಯವಿತ್ತೆನ್ನಿ. ಅದರ ಒಂದೊಂದು ಸಾಲನ್ನು ಒಂದೊಂದು ಕಾಗದದ ಪಟ್ಟಿಯ ಮೇಲೆ ಬರೆದು ಒಂದೊಂದು ಮಗುವಿನ ಎದೆಗೆ ಪಿನ್ನು ಹಾಕುತ್ತಿದ್ದರು. ಸಾಲಾಗಿ ನಿಲ್ಲಿಸುತ್ತಿದ್ದರು. ಪ್ರತಿಯೊಂದು ಮಗುವೂ ತನ್ನ ಸಾಲನ್ನು ಓದಬೇಕು. ಯಾರ ಸಾಲಿನ ಕೊನೆ ಯಾರ ಸಾಲಿನ ಕೊನೆಯಂತೆ ನುಡಿಯುತ್ತದೋ ಅವರಿಬ್ಬರೂ ಕೈ ಹಿಡಿದುಕೊಳ್ಳಬೇಕು. ಕೆಲವು ಪದ್ಯಗಳಲ್ಲಿ ಪಕ್ಕದವರೇ ಜೋಡಿ. ಕೆಲವು ಪದ್ಯಗಳಲ್ಲಿ ಒಂದನೆಯವರಿಗೆ ಮೂರನೆಯವರು, ಎರಡನೆಯವರಿಗೆ ನಾಲ್ಕನೆಯವರು. ಆಗ ಕೈಗಳು ಒಂದರ ಮೇಲೊಂದು ಹಾಯುತ್ತಿದ್ದವು. ಮಕ್ಕಳು ಕಿಸಿಕಿಸಿ ನಗುತ್ತಿದ್ದರು.

"ನಗ್ರಿ, ಆದ್ರ ಕೈ ಬಿಡಬ್ಯಾಡ್ರಿ. ಕೈ ಬಿಟ್ರ ಪದ್ಯ ಬೀಳ್ತೈತಿ," ಎನ್ನುತ್ತಿದ್ದರು.

ಯಾರು ಯಾವ ಸಾಲು ಎಂಬುದು ಹಾಜರಿ ಪುಸ್ತಕದ ಕ್ರಮದಲ್ಲಿ. ಗೆಳೆಯನ ಪಕ್ಕ ನಿಲ್ಲುತ್ತೇನೆ, ಗೆಳತಿಯ ಕೈ ಹಿಡಿಯುತ್ತೇನೆ ಎನ್ನುವಂತಿರಲಿಲ್ಲ. ಒಬ್ಬ ಹುಡುಗ ತಕರಾರು ತೆಗೆದ. "ಸರ್, ನಾ ಇಂವನ ಕೈ ಹಿಡ್ಯಾಂಗಿಲ್ರಿ, ಇಂವಾ ಮೂಗಿನ್ಯಾಗ ಬೆರಳ ಇಡ್ತಾನ."

"ಅದನ್ನ ಕವಿಗೆ ಹೇಳಪಾ. ಜೋಡಿ ಹಾಕಿದಾಂವ ಅಂವಾ, ನಾನಲ್ಲ."

ಒಮ್ಮೆ ಒಂದು ಪದ್ಯದಲ್ಲಿ ಒಂದು ಸಾಲಿಗೆ ಜೋಡಿಯೇ ಇರಲಿಲ್ಲ. ಆ ಸಾಲಾಗಿದ್ದ ಹುಡುಗಿ ಕೈ ಚಾಚಿ ನಿಂತಳು. ಎಲ್ಲರಿಗೂ ಜೋಡಿ ಸಿಕ್ಕಿತು, ಅವಳ ಕೈ ಖಾಲಿ. ಮುಖ ಸಣ್ಣದಾಯಿತು. ಸರ್ ಅವಳ ಹತ್ತಿರ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಹಂಗನ ನಿಂದ್ರವಾ. ನೋಡ್ರಿ ಎಲ್ಲಾರೂ. ನಿಮ್ಮ ಕಣ್ಣು ಯಾರ ಮ್ಯಾಲೆ ಹೋತು? ಇಕಿ ಮ್ಯಾಲೆ ಹೋತಿಲ್ಲೊ? ಕವಿಗೆ ಅದ ಬೇಕಾಗಿತ್ತು." ಹುಡುಗಿ ನೆಟ್ಟಗೆ ನಿಂತಳು. ಹೊರಗೆ ನೀರಿನ ಕೊಡ ಹಿಡಿದಿದ್ದ ನಾನೂ ಅವಳನ್ನೇ ನೋಡುತ್ತಿದ್ದೆ ಎಂದು ಆಮೇಲೆ ತಿಳಿಯಿತು.

ವಾಕ್ಯಗಳನ್ನು ಕೂಡಿಸುವ ಮಾತುಗಳಿಗೂ ಅವರದು ಇದೇ ರೀತಿ. ಇಬ್ಬರು ಹುಡುಗರು ಎರಡು ವಾಕ್ಯ. ನಡುವೆ ಮೂರನೆಯವ ಬಂದು ಕೂಡಿಸುವ ಮಾತಾಗಬೇಕು. 'ಬಟ್' ಆದವನು ಹಿಂದಿನವನಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. 'ಬಿಕಾಸ್' ಆದವನು ಹಿಂದಿನವನ ಹೆಗಲ ಮೇಲೆ ಕೈ ಇಟ್ಟು ಮುಂದಿನವನ ಕಡೆ ಬೆರಳು ತೋರುತ್ತಿದ್ದ. ಒಂದು ದಿನ ಒಬ್ಬ ಹುಡುಗ ರಜೆ. ನಾನು ಸುತ್ತೋಲೆ ಹಿಡಿದು ಬಾಗಿಲಿಗೆ ಹೋದದ್ದೇ ತಪ್ಪಾಯಿತು.

"ಬರ್ರಿ ಕಾಕಾ, ಒಂದ್ ಆಳು ಕಡಿಮಿ ಬಿದ್ದೈತಿ. ನೀವು 'ಹೌವೆವರ್' ಆಗ್ರಿ."

"ನನಗ ಅದೆಲ್ಲಾ ಏನ ತಿಳೀತದ್ರಿ ಸರ್?"

"ತಿಳಿಯೂದೇನಿಲ್ಲ. ಒಂದು ಹೆಜ್ಜಿ ಮುಂದ ಬರ್ರಿ, ನಿಂದ್ರಿ, ಒಂದ್ ಕೈ ಎತ್ರಿ. 'ಅದೆಲ್ಲಾ ಖರೇ, ಆದ್ರೂ ಒಂದ್ ಮಾತ ಕೇಳ್ರಿ' ಅಂತ ಪಂಚಾಯ್ತಿ ಹಿರ್ಯಾ ಕೈ ಎತ್ತತಾನಲ್ಲ, ಹಂಗ."

ಖಾಕಿ ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಸುತ್ತೋಲೆ ಹಿಡಿದು, ಇನ್ನೊಂದು ಕೈ ಎತ್ತಿ ನಿಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಮಕ್ಕಳ ಬಾಯಲ್ಲಿ ನನ್ನ ಹೆಸರು 'ಹೌವೆವರ್ ಕಾಕಾ'. "ಹೌವೆವರ್ ಕಾಕಾ, ಗಂಟಿ ಬಾರಸ್ರಿ, ಹಸಿವ್ಯಾಗಾಕತ್ತೈತಿ!" ನನಗೆ ಸಿಟ್ಟು ಬರಲಿಲ್ಲ. ಅಷ್ಟು ವರ್ಷ ಆ ಶಾಲೆಯಲ್ಲಿ 'ಏ ಜವಾನ' ಎನ್ನಿಸಿಕೊಂಡಿದ್ದೆ.

ಅದೇ ದಿನ ಅವರು ಹಲಗೆಯ ಮೇಲೆ ಎರಡು ವಾಕ್ಯ ಬರೆದಿದ್ದರು. ಮಳೆ ಬಂತು. ಶಾಲೆ ಬಿಟ್ಟರು. "ಯಾಕ ಸಾಲಿ ಬಿಟ್ರು?" ಎಂದು ಕೇಳಿದರು. ಮಳೆ ಬಂದದ್ದಕ್ಕೆ ಎಂದರು ಮಕ್ಕಳೆಲ್ಲ. "ಹಂಗಂತ ಎಲ್ಲೆ ಬರದೈತಿ? ಹೊತ್ತಾತು, ಕಾಕಾ ಗಂಟಿ ಹೊಡದ್ರು, ಬಿಟ್ರು. ಮಳಿ ತನ್ನ ಪಾಡಿಗೆ ತಾ ಬಂತು. ಎರಡ ಖರೇ ಮಾತು ಬಾಜೂಕ ಬಾಜೂಕ ಇಟ್ಟು ಸುಮ್ನಾದ್ರ, ಕೇಳಾವ್ರು ನಡುವಿನ ಮಾತು ತಮಗ ಬೇಕಾದ್ದ ಹಾಕ್ಕೋತಾರ. ಅದಕ್ಕ, ಗೊತ್ತಿದ್ದಾವ್ರು ಹಾಕಿ ಹೇಳಬೇಕು." ನಾನು ಸುತ್ತೋಲೆಗೆ ಸಹಿ ಮಾಡಿಸಿಕೊಂಡು ಬಂದೆ. ಮಾತು ಕಿವಿಯ ಮೇಲೆ ಬಿದ್ದಿತ್ತು, ಅಷ್ಟೇ.

ಚಹಾದ ವಿಷಯ ಬಿಟ್ಟು ಮುಂದೆ ಹೋಗಬಾರದು. ಶಾಲೆಯಲ್ಲಿ ಚಹಾ ಮಾಡುವವನು ನಾನೇ. ಅವರು ಸೇರಿದ ಮೊದಲ ದಿನವೇ ಮನೆಯಿಂದ ಒಂದು ಸ್ಟೀಲ್ ಲೋಟ ತಂದು, "ಕಾಕಾ, ನನಗ ಇದರಾಗ ಹಾಕಿಬಿಡ್ರಿ, ನನಗ ದೊಡ್ಡ ಲೋಟಾ ರೂಢಿ" ಎಂದರು. ಅವರ ತಂದೆಯ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರು. ಆದರೆ ಊರಿನ ಲೆಕ್ಕದಲ್ಲಿ ಅವರು ಯಾರು ಎಂಬುದು ಬದಲಾಗಿರಲಿಲ್ಲ. ಯಾರೂ ಬೇರೆ ಲೋಟ ಕೊಡುವ ಮೊದಲೇ ಅವರು ತಮ್ಮ ಲೋಟ ತಂದಿದ್ದರು. ನನಗೆ ಅದು ಅರ್ಥವಾಗಿತ್ತು. ಅರ್ಥವಾಗಿ ಹಾಯೆನಿಸಿತ್ತು. ನಾನಾಗಿ ಏನೂ ಮಾಡಬೇಕಾಗಿ ಬರಲಿಲ್ಲವಲ್ಲ ಎಂದು.

ಒಂದು ದಿನ ಲೋಟ ಮರೆತು ಬಂದರು. ಕಪಾಟಿನಲ್ಲಿ ಕಪ್ಪುಗಳು ಸಾಲಾಗಿದ್ದವು. ನಾನು ಎದುರಿನ ಅಂಗಡಿಗೆ ಹೋಗಿ ಕಾಗದದ ಕಪ್ಪು ತಂದು ಅದರಲ್ಲಿ ಕೊಟ್ಟೆ. ಅವರು ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೊಸಾ ಕಪ್ಪೇನ್ರಿ ಕಾಕಾ?" ಎಂದರು. ಹೌದ್ರಿ ಎಂದೆ. "ಛಲೋ ಐತಿ," ಎಂದು ನಿಂತೇ ಕುಡಿದರು. ಮತ್ತೆಂದೂ ಲೋಟ ಮರೆಯಲಿಲ್ಲ.

ಇನ್ನು ಬಾಗಿಲಿನ ವಿಷಯ.

ಪಾಠ ಮಾಡುವಾಗ ಬಾಗಿಲು ತೆಗೆದಿರಬೇಕು ಎಂಬುದು ಅವರ ಹಟ. ಬಿಸಿಲಿರಲಿ, ಗಾಳಿಯಿರಲಿ. "ಪಡಸಾಲ್ಯಾಗ ಹಾಯಾವ್ರಿಗೂ ಒಂದ್ ಸಾಲು ಸಿಗ್ಲಿ," ಎನ್ನುತ್ತಿದ್ದರು. ಹೆಡ್‌ಮಾಸ್ತರರಿಗೆ ಇದು ಹಿಡಿಸುತ್ತಿರಲಿಲ್ಲ. ಆ ತರಗತಿಯ ನಗು, ಓದು, ಸರಳಿನ ಸದ್ದು ಎಲ್ಲ ಅವರ ಕೋಣೆಗೆ ನುಗ್ಗುತ್ತಿದ್ದವು.

ಒಂದು ಮಳೆಗಾಲದಲ್ಲಿ ಮೇಲಿನ ಅಧಿಕಾರಿಗಳು ಶಾಲೆ ನೋಡಲು ಬಂದರು. ಹೆಡ್‌ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, "ಆ ನೈನ್ತಿನ ಗದ್ದಲಾ ಕೇಳಬಾರದು. ಬಾಗಲಾ ಎಳಕೊಂಡ ಬಾ," ಎಂದರು. ನಾನು ಹೋದೆ. ಒಳಗೆ ಮಕ್ಕಳು ಪದ್ಯವಾಗಿ ನಿಂತಿದ್ದರು. ಮಳೆಗೆ ಬಾಗಿಲು ಉಬ್ಬಿತ್ತು. ಎರಡೂ ಕೈ ಹಾಕಿ ಎಳೆದೆ. ಮುಚ್ಚುವ ಮೊದಲು ಸರ್ ನನ್ನ ಕಡೆ ನೋಡಿದರು. "ಸಾಹೇಬ್ರು ಬಂದಾರ್ರಿ, ಹೆಡ್‌ಮಾಸ್ತರ್ರು ಹೇಳ್ಯಾರ," ಎಂದೆ. "ಲಗೂ ತಗೀರಿ ಮತ್ತ," ಎಂದರು. ಹ್ಞೂಂ, ಬೇಗ ತೆಗೆಯುತ್ತೇನೆ ಎಂದು ಹೋದವನು ಅಧಿಕಾರಿಗಳ ಚಹಾ, ಉಪ್ಪಿಟ್ಟಿನ ಗಡಿಬಿಡಿಯಲ್ಲಿ ಮರೆತೆ.

ಅಷ್ಟರಲ್ಲಿ ನನ್ನ ಅಳಿಯ ಬಂದ. ನನ್ನ ಹೆಂಡತಿಯ ಅಣ್ಣನ ಮಗ. ಬೈರಿದೇವರಕೊಪ್ಪದಲ್ಲಿ ಸಿಮೆಂಟಿನ ಅಂಗಡಿ, ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ದೊಡ್ಡ ಮಾತಿನವನು. ಮಗಳು ಅದೇ ತರಗತಿಯಲ್ಲಿದ್ದಳು. ಬೀಗರ ಮನೆಯ ಕಾರ್ಯಕ್ಕೆ ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದ. ಬಾಗಿಲು ಹಾಕಿತ್ತು. ಹೆಗಲು ಕೊಟ್ಟು ದೂಡಿದ. ಎದುರಿಗೆ ಅವನ ಮಗಳು ಒಬ್ಬ ಹುಡುಗನ ಕೈ ಹಿಡಿದು ನಿಂತಿದ್ದಾಳೆ. ಜಾರುತ್ತಿದ್ದ ಆ ಎರಡು ಕೈಗಳನ್ನು ಸರ್ ತಮ್ಮ ಕೈಯಿಂದ ಸರಿಪಡಿಸುತ್ತಿದ್ದಾರೆ. ಹುಡುಗ ಸರ್ ಅವರ ಜನದವನು.

ಅಳಿಯನಿಗೆ ಸಿಟ್ಟು ಬಂದದ್ದು ಯಾವುದಕ್ಕೆ ಎಂದು ನನಗೆ ಅವತ್ತೇ ಗೊತ್ತಿತ್ತು. ಅದು ಬಾಗಿಲಿನ ಸಿಟ್ಟಲ್ಲ. ಯಾರ ಕೈಯಲ್ಲಿ ಯಾರ ಕೈ ಎಂಬ ಸಿಟ್ಟು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಅವನೇ ಸಿಕ್ಕಿಬೀಳುತ್ತಾನೆ. ಹಾಗಾಗಿ ಹೇಳಲು ಬರುವ ಮಾತನ್ನು ಹೇಳಿದ. ಮಾಸ್ತರ ಬಾಗಿಲು ಹಾಕಿಕೊಂಡು ಹುಡುಗಿಯರ ಕೈ ಹಿಡಿಯುತ್ತಾನೆ. ಸಂಜೆಯೊಳಗೆ ಅದು ಓಣಿಯನ್ನೆಲ್ಲ ಸುತ್ತಿತು.

ವಿಚಾರಣೆಯ ಹಿಂದಿನ ಸಂಜೆ ಅಳಿಯ ನಮ್ಮ ಮನೆಗೆ ಬಂದ. ಹೆಂಡತಿ ಅವಲಕ್ಕಿ ಕೊಟ್ಟಳು. ತಿನ್ನುತ್ತಾ ಹೇಳಿದ.

"ಮಾವಾ, ನಾಳೆ ನಿನ್ನ ಕರೀತಾರ."

"ಏನ ಹೇಳ್ಲಿ ನಾ?"

"ಸುಳ್ಳು ಒಂದಕ್ಷರ ಹೇಳಬ್ಯಾಡ. ಕೇಳಿದ್ದಕ್ಕ ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು. ಜಾಸ್ತಿ ಬಿಚ್ಚಾಕ ಹೋಗಬ್ಯಾಡ. ನಿಂದೂ ರಿಟೈರ್ ಆಗೂ ಹೊತ್ತು. ಪೆನ್ಶನ್ನಿನ ಕಾಗದಾ ಯಾರ ಕೈಯಾಗ ಹಾಯ್ದು ಹೋಗ್ತಾವ ನಿನಗ ಗೊತ್ತೈತಿ."

ಒಳಗಿನಿಂದ ಹೆಂಡತಿ, "ಅಂವಾ ಹೇಳಿದಂಗ ಮಾಡ್ರಿ. ಹುಡುಗಿ ಮಾನದ ಪ್ರಶ್ನಿ," ಎಂದಳು.

ಪೆನ್ಶನ್ನಿನ ಹೆದರಿಕೆಯಿಂದ ಸುಮ್ಮನಾದೆ ಎಂದು ಹೇಳಿಬಿಟ್ಟರೆ ಸುಲಭ. ಅದು ಅರ್ಧ. ಅಳಿಯನ ಸಿಟ್ಟಿಗಿದ್ದ ಕಾರಣ ನನ್ನೊಳಗೂ ಒಂದು ಮೂಲೆಯಲ್ಲಿ ಕುಳಿತಿತ್ತು. ಕಾಗದದ ಕಪ್ಪು ತಂದವನು ನಾನೇ ಅಲ್ಲವೇ?

ಹೆಡ್‌ಮಾಸ್ತರರ ಕೋಣೆಯಲ್ಲಿ ವಿಚಾರಣೆ. ಹೊರಗಿನಿಂದ ಬಂದಿದ್ದ ಅಧಿಕಾರಿ ನಡುವೆ ಕುಳಿತಿದ್ದರು. ಒಂದು ಕಡೆ ಹೆಡ್‌ಮಾಸ್ತರರು, ಇನ್ನೊಂದು ಕಡೆ ಅಳಿಯ. ಸರ್ ನಿಂತಿದ್ದರು. ಕುರ್ಚಿ ಇತ್ತು. ಕುಳಿತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಮಕ್ಕಳನ್ನು ಕೇಳುವುದು ಬೇಡ, ಎಳೆಯ ಮನಸ್ಸು ಎಂದು ಮೊದಲೇ ತೀರ್ಮಾನವಾಗಿತ್ತು.

ಸರ್ ತಮ್ಮ ಪಾಠದ ರೀತಿ ವಿವರಿಸಿದರು. ಸಾಲು, ಪ್ರಾಸ, ಕೈ. ಅಧಿಕಾರಿ ಎಲ್ಲ ಕೇಳಿ, "ಅದಿರ್ಲಿ, ಬಾಗಲಾ ಯಾಕ ಹಾಕಿದ್ರಿ?" ಎಂದರು.

ಸರ್ ಮುಖದಲ್ಲಿ ಗಾಬರಿ ಇರಲಿಲ್ಲ. "ಬಾಗಲದ ವಿಷಯ ನಮ್ಮ ಕಾಕಾರನ್ನ ಕೇಳ್ರಿ. ಅವರು ಹೇಳ್ತಾರ," ಎಂದರು.

ನಮ್ಮ ಕಾಕಾ ಎಂದರು. ಅದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅಧಿಕಾರಿ ನನ್ನ ಕಡೆ ತಿರುಗಿದರು. "ಅವತ್ತ ಬಾಗಲಾ ಹಾಕಿತ್ತೇನು?"

"ಹೌದ್ರಿ."

"ಒಳಗ ಹುಡುಗೂರು ಹುಡುಗ್ಯಾರು ಕೈ ಹಿಡಕೊಂಡಿದ್ರೇನು?"

"ಹೌದ್ರಿ."

"ಮತ್ತೇನರ ಹೇಳೂದೈತೇನು?"

ಹೆಡ್‌ಮಾಸ್ತರರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. ಬಾಗಿಲು ಹಾಕು ಎಂದವರು ಅವರು, ಹಾಕಿದವನು ನಾನು. ಅವರು ಬಾಯಿ ಬಿಡಲಿ ಎಂದು ನಾನು ಕಾದೆ. ನಾನು ಏನು ಮಾಡುತ್ತೇನೋ ಎಂದು ಅವರು ಕಾದರು. ಒಂದು ಹೆಜ್ಜೆ ಮುಂದೆ ಬಂದು ಕೈ ಎತ್ತಿದ್ದರೆ ಸಾಕಾಗಿತ್ತು.

"ಇಲ್ರಿ," ಎಂದೆ.

ಆಗ ಸರ್ ನನ್ನನ್ನು ನೋಡಿದರು. 'ಯಾರು ಹಾಕಿದ್ದು ಅಂತ ಇವರನ್ನೇ ಕೇಳ್ರಿ' ಎಂದು ಅವರು ಒಂದು ಮಾತು ಅಂದಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಅವರು ಅನ್ನಲಿಲ್ಲ. ನೋಡಿ, ಕಣ್ಣು ತೆಗೆದು, ತಮ್ಮ ಚೀಲದ ಪಟ್ಟಿ ಸರಿಮಾಡಿಕೊಂಡರು. ಯಾಕೆ ಅನ್ನಲಿಲ್ಲ ಎಂಬುದನ್ನು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ನನ್ನ ಪೆನ್ಶನ್ನಿನ ಚಿಂತೆ ಅವರಿಗೂ ಹೊಳೆಯಿತೇ? ಅಥವಾ ಕಾಕಾ ಹೇಳುವವರಾಗಿದ್ದರೆ ತಾವೇ ಹೇಳುತ್ತಿದ್ದರು, ಹಿಂಡಿ ಹೇಳಿಸುವುದು ಬೇಡ ಎನಿಸಿತೇ? ಎರಡನೆಯದೇ ಇರಬೇಕು ಎನಿಸಿದ ದಿನ ಊಟ ಸೇರುವುದಿಲ್ಲ.

ಶಿಕ್ಷೆ ಎಂದು ಯಾರೂ ಕರೆಯಲಿಲ್ಲ. ದೂರದ ತಾಲೂಕಿನ ಒಂದು ಶಾಲೆಗೆ ಕಳಿಸಿದರು, ಅಷ್ಟೆ. ಹೊರಡುವ ದಿನ ಹಾಜರಿಗೆ ಸಹಿ ಮಾಡಿ, ಸ್ಟೀಲ್ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡರು. ನಾನು ಪಡಸಾಲೆಯಲ್ಲಿ ನಿಂತಿದ್ದೆ. ಬೈಯಲಿ, ಕೇಳಲಿ ಎಂದು ಕಾಯುತ್ತಿದ್ದೆ. ಹತ್ತಿರ ಬಂದರು.

"ಕಾಕಾ, ಮಳಿಗಾಲದಾಗ ಆ ನೈನ್ತಿನ ಬಾಗಲಾ ಉಬ್ಬತೈತಿ. ಬಡಿಗ್ಯಾರನ್ನ ಕರಸಿ ಒಂದೀಟು ತಾಸಿಸ್ರಿ. ಹುಡುಗ್ರಿಗೆ ಎಳ್ಯಾಕ ಬಾಳ ತ್ರಾಸ ಆಗತೈತಿ."

"ಆತ್ರಿ ಸರ್," ಎಂದೆ. ಅದು ಚುಚ್ಚು ಮಾತೋ, ನಿಜವಾಗಿ ಬಾಗಿಲಿನ ಮಾತೋ ನನಗೆ ಗೊತ್ತಾಗಲಿಲ್ಲ. ಅವರ ಮುಖದಲ್ಲಿ ಚುಚ್ಚು ಇರಲಿಲ್ಲ. ಬಡಿಗೇರನನ್ನು ಕರೆಸಿದೆ. ಅವನು ಅಂಚನ್ನು ಕೀಸಿ ತಾಸಿದ. ಅದರ ನಂತರ ಆ ಬಾಗಿಲು ಒಂದು ಬೆರಳಿಗೆ ಸರಿಯುತ್ತಿತ್ತು. ತೆಗೆದಿಡಿ ಎನ್ನುವವರು ಮಾತ್ರ ಇರಲಿಲ್ಲ.

ಅವರ ಹಿಂದೆ ಆ ಮಾತೂ ಹೋಯಿತು. ಹೊಸ ಶಾಲೆಗೆ ಅವರಿಗಿಂತ ಮೊದಲೇ ಮುಟ್ಟಿತ್ತಂತೆ, 'ಬಾಗಿಲು ಹಾಕೋ ಮಾಸ್ತರ' ಬರುತ್ತಾನೆ ಎಂದು. ಅಲ್ಲಿ ಅವರು ಮಕ್ಕಳನ್ನು ನಿಲ್ಲಿಸಲಿಲ್ಲ. ಕುರ್ಚಿಯಲ್ಲಿ ಕುಳಿತು, ಪ್ರಶ್ನೆ–ಉತ್ತರ ಬರೆಸಿ, ಗಂಟೆ ಹೊಡೆದರೆ ಎದ್ದು ಹೋಗುತ್ತಿದ್ದರಂತೆ. ನಿವೃತ್ತಿಯವರೆಗೂ ಹಾಗೆಯೇ. ಇದನ್ನು ನನಗೆ ಹೇಳಿದ್ದು ಅಲ್ಲಿಂದ ವರ್ಗವಾಗಿ ಬಂದ ಒಬ್ಬ ಮಾಸ್ತರರು. "ಒಳ್ಳೆ ಮನಷ್ಯಾನ ಇರಬೇಕು. ಆದ್ರ ಪಾಠದಾಗ ಜೀವ ಇರ್ಲಿಲ್ರಿ," ಎಂದರು. ಅದನ್ನೂ ಕೇಳಿ ಸುಮ್ಮನಿದ್ದೆ.

ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಯೊಬ್ಬ ಮಾರುಕಟ್ಟೆಯಲ್ಲಿ ಹೇಳಿದ. ಕೆಲವು ದಿನ ಬಿಟ್ಟು ಬೆಂಗೇರಿಯ ಅವರ ಮನೆಗೆ ಹೋದೆ. ಹೊರಗಿನ ಕೋಣೆಯಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ಅವರ ಫೋಟೋ, ಮುಂದೆ ಒಂದು ಮೇಣದ ಬತ್ತಿ. ಫೋಟೋದಲ್ಲಿಯೂ ಎಡ ಹೆಗಲು ಇಳಿದಿತ್ತು. ಅವರ ಹೆಂಡತಿ ನೀರು ಕೊಟ್ಟರು. ಎಲ್ಲಿಯವರು ಎಂದು ಕೇಳಿದರು. ಶಾಲೆಯ ಜವಾನ ಎಂದೆ.

"ಅಂದ್ರ... ಹೌವೆವರ್ ಕಾಕಾ ನೀವನ ಏನ್ರಿ?" ಅವರ ಮುಖ ಅರಳಿತು. "ಬಾಳ ಹೇಳ್ತಿದ್ರು ನಿಮ್ಮ ಸುದ್ದಿ. ಕೈ ಎತ್ತಿ ಹೆಂಗ ನಿಂತಿದ್ರಿ ಅಂತ ಇಲ್ಲೇ ನಿಂತ ತೋರಸ್ತಿದ್ರು. ಮಮ್ಮಕ್ಕಳಿಗೂ ತೋರಸ್ಯಾರ."

ಅಂದರೆ ಅವರು ಮನೆಯಲ್ಲಿ ಹೇಳಿದ್ದು ನನ್ನ ಆ ಕಥೆಯನ್ನು ಮಾತ್ರ. ಇನ್ನೊಂದನ್ನು ಹೇಳಿರಲಿಲ್ಲ. ನೀರಿನ ಲೋಟ ಕೆಳಗಿಟ್ಟು ನಾನೇ ಹೇಳಿದೆ. ಬಾಗಿಲು, ಹೆಡ್‌ಮಾಸ್ತರರು, ಅಳಿಯ, ಎರಡು ಸಲ ಹೌದ್ರಿ, ಒಂದು ಸಲ ಇಲ್ರಿ. ಮುಗಿದ ಮೇಲೆ ಕೈ ಮುಗಿದು, "ನಂದು ತಪ್ಪಾತ್ರಿ," ಎಂದೆ.

ಅವರು ಬಹಳ ಹೊತ್ತು ಫೋಟೋ ನೋಡಿದರು. ಮುಖ ಅರಳಿದ್ದು ಮುಚ್ಚಿಕೊಂಡಿತ್ತು.

"ಇದನ್ನ ನನಗ ಯಾಕ ಹೇಳಾಕತ್ತೀರಿ? ನಾ ಅವರ ಮ್ಯಾಲೆ ಒಂದ್ ದಿನಾನೂ ಸಂಶಯಾ ಪಟ್ಟಾಕಿ ಅಲ್ಲ. ಸಂಶಯಾ ಪಟ್ಟಾವ್ರು ಇನ್ನೂ ಅದಾರಲ್ಲ, ಅವ್ರಿಗೆ ಹೇಳ್ರಿ ಹೋಗ್ರಿ."

ಎದ್ದೆ. ಬಾಗಿಲವರೆಗೆ ಬಂದು, "ಅವರ ಹೆಸರು ಎಲ್ಲೂ ತರಬ್ಯಾಡ್ರಿ. ಸಾಕಾಗೈತಿ," ಎಂದರು. ಮತ್ತೆ ಬನ್ನಿ ಎನ್ನಲಿಲ್ಲ.

ಅಲ್ಲಿಂದ ನೇರ ಬೈರಿದೇವರಕೊಪ್ಪಕ್ಕೆ ಹೋದೆ. ಮರುದಿನಕ್ಕೆ ಬಿಟ್ಟರೆ ಹೋಗುವವನಲ್ಲ ಎಂದು ನನಗೆ ನನ್ನ ಪರಿಚಯವಿದೆ. ಅಳಿಯ ಈಗ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದಾನೆ. ಸೋಫಾದಲ್ಲಿ ಕುಳಿತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಆ ಮಗಳೂ ಇದ್ದಳು. ಈಗ ಅವಳೇ ಧಾರವಾಡದ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ರಜೆಗೆ ಬಂದಿದ್ದಳು.

"ಆ ಇಂಗ್ಲಿಷ್ ಸರ್ ತೀರಿಕೊಂಡ್ರು," ಎಂದೆ.

"ಹೌದೇನು? ಪಾಪ," ಎಂದ ಅಳಿಯ.

"ಅವತ್ತು ಬಾಗಲಾ ಹಾಕಿದಾಂವ ನಾನು. ಹೆಡ್‌ಮಾಸ್ತರ್ರು ಹೇಳಿದ್ರು, ನಾ ಹಾಕಿದೆ. ಸರ್ ಲಗೂ ತಗೀರಿ ಅಂದಿದ್ರು. ನಾ ಮರತೆ. ವಿಚಾರಣ್ಯಾಗ ಇದನ್ನ ಹೇಳಲಿಲ್ಲ. ಇವತ್ತ ನಿನಗ ಹೇಳಾಕ ಬಂದೇನಿ."

ಅಳಿಯ ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿದ. "ಎಂದಿಂದೋ ಸುದ್ದಿ ತಗದಿ ಬಿಡು ಮಾವಾ. ನೀ ಏನ್ ಸುಳ್ಳ ಹೇಳಿದ್ದೇನು? ಇಲ್ಲಲ್ಲ. ನಮಗರ ಹೆಂಗ ಗೊತ್ತಾಗಬೇಕಿತ್ತು? ಬಾಗಲಾ ಹಾಕಿತ್ತು, ನಾ ಕಂಡಿದ್ದ ಹೇಳಿದೆ."

"ಅಪ್ಪಾ."

ಮಗಳ ದನಿ ಸಣ್ಣದಿತ್ತು. ಅಳಿಯ ಅವಳ ಕಡೆ ನೋಡಲಿಲ್ಲ.

"ಅವತ್ತ ಗಾಡಿ ಹತ್ತಿದ ಕೂಡ್ಲೆ ನಾ ನಿಮಗ ಹೇಳಿದ್ನಲ್ಲ. ಬಾಗಲಾ ಹಾಕಿದ್ದು ಅಜ್ಜಾರು, ಹೆಡ್‌ಮಾಸ್ತರ್ರು ಕಳಿಸಿದ್ರಂತ ಅಂತ. ಎರಡ್ ಸಲ ಹೇಳಿದ್ನಿ. ಬಾಯಿ ಮುಚ್ಚು ಅಂದ್ರಿ ನೀವು."

ಅಳಿಯ ಬಾಟಲಿಯನ್ನು ಕೆಳಗಿಟ್ಟ. ಅವಲಕ್ಕಿ ತಿನ್ನುತ್ತಾ, ಸುಳ್ಳು ಒಂದಕ್ಷರ ಹೇಳಬೇಡ ಎಂದು ಬುದ್ಧಿ ಹೇಳಿದಾಗ ಅವನಿಗೆ ಎಲ್ಲ ಗೊತ್ತಿತ್ತು. ಹೆಡ್‌ಮಾಸ್ತರರಿಗೆ ಗೊತ್ತಿತ್ತು. ಸರ್ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿಲ್ಲದವರು ಹೊರಗಿನಿಂದ ಬಂದ ಅಧಿಕಾರಿ ಒಬ್ಬರೇ. ನಾನು ತಡೆದದ್ದು ಗುಟ್ಟನ್ನಲ್ಲ. ಒಬ್ಬ ಮನುಷ್ಯನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು.

"ನೀ ಈಗ ಇದನ್ನ ಊರ ತುಂಬಾ ಹೇಳ್ಕೊಂತ ತಿರಗತೀಯೇನು?" ಎಂದ ಅಳಿಯ.

"ಆಗ ಊರ ತುಂಬಾ ತಿರಗಿದ್ದು ಮತ್ತೊಂದಿತ್ತಲ್ಲ," ಎಂದೆ.

ಹುಡುಗಿ ನನ್ನನ್ನು ಗೇಟಿನವರೆಗೆ ಕಳಿಸಲು ಬಂದಳು. ಏನಾದರೂ ಅಂದಾಳೆಂದು ಮೆಲ್ಲಗೆ ನಡೆದೆ. ಗೇಟಿನ ಹತ್ತಿರ ನಿಂತು ಕೇಳಿದಳು. "ಅಜ್ಜಾ, ನಮ್ಮನ್ನ ಯಾಕ ಯಾರೂ ಕೇಳಲಿಲ್ಲ? ಒಳಗ ಇದ್ದಾವ್ರು ನಾವು."

"ನೀ ನಿನ್ನ ಸಾಲ್ಯಾಗ ಪದ್ಯ ಹೆಂಗ ಕಲಸ್ತಿ?" ಎಂದು ಕೇಳಿದೆ.

"ಹಲಗಿ ಮ್ಯಾಲೆ ಬರಸ್ತೇನಿ," ಎಂದಳು. "ಹುಡುಗ್ರನ್ನ ನಿಂದ್ರಸಾಕ ಅಂಜಿಕಿ ಬರ್ತೈತ್ರಿ ಅಜ್ಜಾ."

ಸರ್ ಅವರಿಗೆ ಆದದ್ದು ಅವರೊಂದಿಗೆ ಮುಗಿಯಿತೆಂದು ಆ ತನಕ ತಿಳಿದಿದ್ದೆ.

ಬಸ್ಸು ಹಿಡಿದು ಬಂದು ಇದನ್ನು ಬರೆಯಲು ಕುಳಿತೆ. ಈ ಊರುಗಳಲ್ಲಿ ಆ ಮಾತನ್ನು ಕೇಳಿದವರು ಬಹಳ ಜನ ಇದ್ದೀರಿ. ಕೇಳಿ, ಹೌದಿರಬಹುದು ಎಂದುಕೊಂಡು ಮಕ್ಕಳಿಗೆ ಹೇಳಿದವರೂ ಇದ್ದೀರಿ. ನಿಮ್ಮೊಬ್ಬೊಬ್ಬರ ಮನೆಗೆ ಬಂದು ಹೇಳಲು ನನ್ನ ಕಾಲುಗಳಿಗೆ ಈಗ ಆಗುವುದಿಲ್ಲ. ಅವರು ಬಾಗಿಲು ಹಾಕಲಿಲ್ಲ. ಹಾಕಿದವನು ನಾನು. ತೆಗೆಯುತ್ತೇನೆ ಎಂದು ಹೇಳಿ ಹೋದವನೂ ನಾನೇ.